ಒಬ್ಬನ ಕಬ್ಬಿಣಕ್ಕಷ್ಟೇ ತುಕ್ಕು

ನಾನು ಸಂಶಯದ ಮನುಷ್ಯ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಅಂಗಡಿಯವನು ತೂಕದಲ್ಲಿ ಮೋಸ ಮಾಡಿದರೆ ನನಗೆ ಆಶ್ಚರ್ಯವಿಲ್ಲ. ಸರಿಯಾಗಿ ತೂಗಿಕೊಟ್ಟರೆ ಮಾತ್ರ ಇವನ ಮನಸ್ಸಿನಲ್ಲಿ ಏನಿದೆಯೋ ಎಂದು ಮನೆ ಮುಟ್ಟುವವರೆಗೂ ಯೋಚಿಸುತ್ತೇನೆ. ನಮ್ಮ ತಂದೆ ಕೋರ್ಟಿನಲ್ಲಿ ಗುಮಾಸ್ತರಾಗಿದ್ದರು. 'ಪ್ರತ್ಯಕ್ಷ ಕಂಡರೂ ಪರಾಂಬರಿಸಿ ನೋಡು' ಎಂಬ ಗಾದೆಯೊಂದನ್ನು ಬಿಟ್ಟರೆ ನನಗಾಗಿ ಬೇರೆ ಆಸ್ತಿಯನ್ನೇನೂ ಅವರು ಇಟ್ಟುಹೋಗಲಿಲ್ಲ. ಪರಾಂಬರಿಸುವುದೆಂದರೆ ಗುಮಾನಿ ಪಡುವುದು ಎಂದೇ ನಾನು ಬಹಳ ವರ್ಷ ತಿಳಿದುಕೊಂಡಿದ್ದೆ.

ಸಾವಿರದ ಒಂಬೈನೂರ ಮೂವತ್ತಾರರಲ್ಲಿ ನಾನು ಹುಬ್ಬಳ್ಳಿಯ ಒಂದು ಉದ್ಯೋಗ ಶಾಲೆಯಲ್ಲಿ ಉಗ್ರಾಣದ ಗುಮಾಸ್ತನಾಗಿದ್ದೆ. ಹೆಸರು ಏಕನಾಥ, ಮನೆ ಧಾರವಾಡದ ಮಾಳಮಡ್ಡಿ. ಬೆಳಗಿನ ರೈಲಿಗೆ ಹೋಗಿ ಸಂಜೆಯ ರೈಲಿಗೆ ಮರಳುತ್ತಿದ್ದೆ. ನಾಲ್ಕಾರು ವಕೀಲರು, ಹತ್ತಿ ವ್ಯಾಪಾರಿಗಳು ಕೂಡಿಕೊಂಡು, ಬಡ ಹುಡುಗರಿಗೆ ಕೈಕೆಲಸ ಕಲಿಸಿ ನೌಕರಿ ಹಚ್ಚಿಕೊಡಬೇಕೆಂದು ತೆಗೆದ ಶಾಲೆ ಅದು. ಕಾರ್ಯದರ್ಶಿಗಳು ವಕೀಲ ಯಜ್ಞೇಶ್ವರರಾಯರು. ಬಾಗಿಲ ಮೇಲೆ 'ಇಲ್ಲಿ ಜಾತಿಭೇದವಿಲ್ಲ' ಎಂಬ ಹಲಗೆಯನ್ನು ದಪ್ಪ ಅಕ್ಷರದಲ್ಲಿ ಬರೆಸಿ ಹಾಕಿಸಿದವರೂ ಅವರೇ. ಫಿಟ್ಟರ್ ಕೆಲಸ ಕಲಿಸಲು ಮಲ್ಲಿಕಸಾಬ ಎಂಬ ಮಿಸ್ತ್ರಿ ಇದ್ದ. ರೈಲ್ವೆ ವರ್ಕ್‌ಶಾಪಿನಲ್ಲಿ ಮೂವತ್ತು ವರ್ಷ ಕಬ್ಬಿಣ ಉಜ್ಜಿ ನಿವೃತ್ತನಾದವನು.

ವರ್ಷಕ್ಕೊಮ್ಮೆ ವರ್ಕ್‌ಶಾಪಿನ ಫೋರ್ಮನ್ ಬಂದು, ಹುಡುಗರ ಕೆಲಸ ನೋಡಿ, ಒಬ್ಬನನ್ನು ಬೆಂಚಿಗೆ ಆರಿಸಿಕೊಂಡು ಹೋಗುವುದು ವಾಡಿಕೆ. ಬೆಂಚು ಎಂದರೆ ಫಿಟ್ಟರನ ಕೆಲಸ, ತಿಂಗಳಿಗೆ ಸರಿಯಾಗಿ ಪಗಾರ, ಇರಲು ಕ್ವಾರ್ಟರ್ಸು, ಮುಪ್ಪಿಗೆ ಫಂಡು. ಉಳಿದವರಿಗೆ ಸಿಕ್ಕರೆ ಕಲ್ಲಿದ್ದಲು ಹೊರುವ ಖಲಾಸಿ ಕೆಲಸ, ಸಿಗದಿದ್ದರೆ ಬಂದ ದಾರಿಗೆ ಸುಂಕವಿಲ್ಲ.

ಆ ವರ್ಷದ ಐದು ಹುಡುಗರಲ್ಲಿ ಅರ್ಜುನಪ್ಪ ಒಬ್ಬ. ವಯಸ್ಸು ಹದಿನೆಂಟು. ಹುಟ್ಟಿದ್ದು ಅಮ್ಮಿನಬಾವಿಯ ಹೊಲಗೇರಿಯಲ್ಲಿ. ಚಿಕ್ಕಂದಿನಲ್ಲೇ ತಂದೆ ತಾಯಿ ತೀರಿಹೋದುದರಿಂದ ಹುಬ್ಬಳ್ಳಿಯ ಹತ್ತಿ ಗಿರಣಿಯಲ್ಲಿ ದುಡಿಯುತ್ತಿದ್ದ ಸೋದರತ್ತೆ ಕಸ್ತೂರೆವ್ವ ಅವನನ್ನು ಸಾಕಿದ್ದಳು. ಶಾಲೆಗೆ ಸೇರಿಸಲು ಬಂದ ದಿನ ಕರಾರುಪತ್ರವನ್ನು ಅವಳ ಮುಂದೆ ಇಟ್ಟೆ. ಅವಳು ಹೆಬ್ಬೆರಳನ್ನು ಮುಷ್ಟಿಯೊಳಗೆ ಮುಚ್ಚಿಕೊಂಡು ನಿಂತಳು.

"ಹೆಬ್ಬಟ್ಟ ಒತ್ತೂದಕ್ಕಿಂತ ಮೊದಲ ಒಂದ ಮಾತ ಹೇಳ್ರಿ ರಾಯರ. ಕೆಲಸಾ ಕಲಸ್ತೇವಿ ಅಂತ ಹೇಳಿ ಹುಡುಗರನ್ನ ಚಹಾ ತೋಟಕ್ಕ ಸಾಗಸ್ತಾರಂತ. ಹೌದಿಲ್ರಿ?"

"ಯಾರ ಹೇಳಿದ್ರು ನಿನಗ?"

"ಓಣಿ ತುಂಬ ಅದs ಮಾತ ಐತ್ರಿ. ಪುಕ್ಕಟೆ ಕಲಸ್ತಾರ, ಮಧ್ಯಾಹ್ನ ರೊಟ್ಟಿ ಕೊಡ್ತಾರ. ಯಾತಕ್ಕ? ನಮಗ ಯಾರರ ಯಾವಾಗರ ಪುಕ್ಕಟೆ ಏನರ ಕೊಟ್ಟಾರೇನ್ರಿ?"

ಯಜ್ಞೇಶ್ವರರಾಯರೇ ಎದ್ದು ಬಂದು ಕರಾರುಪತ್ರವನ್ನು ಎರಡು ಸಲ ಓದಿ ಹೇಳಿದರು. 'ನೌಕರಿ ಕೊಡಿಸಲು ಪ್ರಯತ್ನಿಸಲಾಗುವುದು' ಎಂಬಲ್ಲಿ ಅವಳು ತಡೆದಳು.

"ಪ್ರಯತ್ನ ಅಂದ್ರ ಏನ್ರಿ?"

"ಪ್ರಯತ್ನ ಅಂದ್ರ ಪ್ರಯತ್ನ ಮಾಡ್ತೇವಿ ಅಂತ," ಅಂದರು ವಕೀಲರು.

"ಅಂದ್ರ ಕೊಡಸೂದಿಲ್ಲ ಅಂದಂಗಾತು," ಅಂದು ಅವಳು ಹೆಬ್ಬಟ್ಟು ಒತ್ತಿದಳು. ನನ್ನಂಥವಳೇ ಇನ್ನೊಬ್ಬಳು ಈ ಊರಲ್ಲಿದ್ದಾಳೆ ಎಂದು ನನಗೆ ಅವಳ ಮೇಲೆ ಸ್ವಲ್ಪ ಗೌರವವೇ ಹುಟ್ಟಿತು.

ಇನ್ನು ನನ್ನ ತಾಯಿಯ ವಿಷಯ. ಅಂಬಾಬಾಯಿ ಈ ನೌಕರಿಗೆ ಒಪ್ಪಿದ್ದು ಒಂದೇ ಷರತ್ತಿನ ಮೇಲೆ.

"ಅಲ್ಲಿ ಯಾರ್ಯಾರೋ ಮುಟ್ಟಿದ್ದು ಮುಟ್ಟಿ ಬಂದು ಮನ್ಯಾಗ ಕಾಲಿಟ್ರ, ನಾ ಅವತ್ತ ಊಟಾ ಮಾಡೂದಿಲ್ಲ ನೋಡು ಏಕನಾಥ."

ಅವಳು ಹೇಳಿದ್ದನ್ನು ಮಾಡುವವಳು. ಒಮ್ಮೆ ಎರಡು ದಿನ ಮಾಡಿಯೂ ತೋರಿಸಿದ್ದಳು. ಆದ್ದರಿಂದ ನಾನೊಂದು ಉಪಾಯ ಹುಡುಕಿದೆ. ಉಗ್ರಾಣದ ಕಿಟಕಿಯ ಒಳಗೆ ಮೊಣಕಾಲೆತ್ತರಕ್ಕೆ ಒಂದು ಹಾಸುಗಲ್ಲು ಇತ್ತು. ಸಂಜೆ ಹುಡುಗರು ಕಬ್ಬಿಣ ಉಜ್ಜುವ ಅರ, ಸುತ್ತಿಗೆ, ಉಳಿ ಎಲ್ಲವನ್ನೂ ನನಗೆ ಒಪ್ಪಿಸಬೇಕು. ಉಳಿದ ನಾಲ್ವರದನ್ನು ಕೈಯಲ್ಲೇ ತೆಗೆದುಕೊಳ್ಳುತ್ತಿದ್ದೆ, ಮನೆಗೆ ಹೋಗಿ ಸ್ನಾನ ಮಾಡಿದರೆ ಮುಗಿಯಿತು. ಅರ್ಜುನಪ್ಪ ಮಾತ್ರ ತನ್ನದನ್ನು ಕಲ್ಲಿನ ಮೇಲಿಟ್ಟು ಎರಡು ಹೆಜ್ಜೆ ಹಿಂದೆ ಸರಿಯಬೇಕು. ನಾನು ತಂಬಿಗೆಯಲ್ಲಿ ಮೂರು ಬೆರಳು ಅದ್ದಿ ನೀರು ಚಿಮುಕಿಸಿ, ಆಮೇಲೆ ಎತ್ತಿ ಪೆಟ್ಟಿಗೆಗೆ ಹಾಕುತ್ತಿದ್ದೆ. ಲೋಹಕ್ಕೆ ನೀರು ಬಿದ್ದರೆ ಶುದ್ಧ ಎಂಬುದು ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಮಾಡುತ್ತಿದ್ದುದು ಕಿಟಕಿಯ ಒಳಗಾದ್ದರಿಂದ ರಾಯರ ಹಲಗೆಗೂ ಧಕ್ಕೆ ಇರಲಿಲ್ಲ. ಈ ಜಾಣತನದ ಬಗ್ಗೆ ನನಗೆ ಒಳಗೊಳಗೇ ಹೆಮ್ಮೆ ಇತ್ತು, ಸುಳ್ಳು ಯಾಕೆ ಹೇಳಲಿ.

ಎರಡನೆಯ ತಿಂಗಳಿಗೆ ಅರ್ಜುನಪ್ಪನ ಮೇಲೆ ನನ್ನ ಮೊದಲ ಗುಮಾನಿ ಹುಟ್ಟಿತು. ಐವರಿಗೂ ನಾನು ಕೊಟ್ಟಿದ್ದು ಒಂದೇ ಡಬ್ಬಿಯ ಹೊಸ ಅರಗಳು. ನಾಲ್ವರ ಅರ ಹೊಸದರ ಹಾಗೆ ಇದ್ದರೆ ಇವನದು ಮಾತ್ರ ಹಲ್ಲಿನ ಸಂದಿಯಲ್ಲೆಲ್ಲ ಕೆಂಪಾಗಿರುತ್ತಿತ್ತು. ಬೆಳಿಗ್ಗೆ ಸಾಮಾನು ಕೊಟ್ಟ ಕೂಡಲೇ ಬೇರೆಯವರು ಕೆಲಸಕ್ಕೆ ತೊಡಗಿದರೆ, ಇವನು ಮೂಲೆಯಲ್ಲಿ ಕೂತು ತಂತಿಯ ಬ್ರಷ್ಷು ಹಿಡಿದು ಅರ್ಧ ತಾಸು ಅರ ತಿಕ್ಕುತ್ತಿದ್ದ. ಕೆಲಸ ತಪ್ಪಿಸಿಕೊಳ್ಳುವ ಹೂಟ ಅಂದುಕೊಂಡೆ. ಆಮೇಲೆ ಇನ್ನೊಂದು ಹೊಳೆಯಿತು. ಒಳ್ಳೆಯ ಅರವನ್ನು ದುರ್ಗದ ಬೈಲಿನ ಗುಜರಿಯಲ್ಲಿ ಮಾರಿ, ಹಳೆಯದನ್ನು ತಂದು ನನಗೆ ಒಪ್ಪಿಸುತ್ತಿರಬೇಕು!

ಕಳ್ಳನನ್ನು ಹಿಡಿಯಲು ನಾನು ಅವನ ಅರದ ಬುಡದಲ್ಲಿ ಯಾರಿಗೂ ತಿಳಿಯದಂತೆ ಸಣ್ಣದೊಂದು ಗೀರು ಹಾಕಿದೆ. ವಾರ ಬಿಟ್ಟು ನೋಡಿದರೆ ಗೀರು ಇತ್ತು, ತುಕ್ಕೂ ಇತ್ತು. ಬೇರೆ ಯಾರಾದರೂ ಆಗಿದ್ದರೆ ಸುಮ್ಮನಾಗುತ್ತಿದ್ದರು. ಗುರುತನ್ನೂ ನಕಲು ಮಾಡಿದ್ದಾನೆ, ಭಾರೀ ಆಸಾಮಿ ಎಂದು ನಾನು ಇನ್ನಷ್ಟು ಎಚ್ಚರವಾದೆ.

"ಲೇ ಅರ್ಜುನ್ಯಾ, ನಿಂದs ಅರ ಯಾಕ ತುಕ್ಕ ಹಿಡೀತದ?" ಎಂದು ಒಂದು ಸಂಜೆ ಕೇಳಿದೆ.

ಅವನು ಒಮ್ಮೆ ನನ್ನ ಮುಖ ನೋಡಿದ, ಆಮೇಲೆ ನೆಲ ನೋಡಿದ.

"ತಿಕ್ಕಿ ತಗೀತೇನ್ರಿ," ಅಂದ.

ಕೇಳಿದ್ದೊಂದು, ಹೇಳಿದ್ದೊಂದು. ಇವನು ಏನನ್ನೋ ಮುಚ್ಚಿಡುತ್ತಿದ್ದಾನೆ ಎಂಬುದರಲ್ಲಿ ನನಗೆ ಅನುಮಾನ ಉಳಿಯಲಿಲ್ಲ.

ಮಲ್ಲಿಕಸಾಬನದು ಬೇರೆಯೇ ಹಾಡು. "ರಾಯರ, ಮೂವತ್ತ ವರ್ಷದಾಗ ಇಂಥಾ ಕೈ ನಾ ಎರಡ ನೋಡೇನಿ. ಅದರಾಗ ಒಂದು ನಂದು," ಎಂದು ನಗುತ್ತಿದ್ದ. ಮಿಸ್ತ್ರಿ ಇಷ್ಟು ಹೊಗಳಬೇಕಾದರೆ ಇಬ್ಬರ ನಡುವೆ ಏನೋ ಇದೆ ಎಂದು ನಾನು ಅವನ ಮೇಲೂ ಒಂದು ಕಣ್ಣು ಇಟ್ಟೆ.

ಏಪ್ರಿಲ್ ಬಂತು. ಫೋರ್ಮನ್ನನಿಗೆ ತೋರಿಸಲು ಪ್ರತಿಯೊಬ್ಬನೂ ಒಂದು ಜೋಡಿ ಮಾಡಬೇಕು. ಜೋಡಿ ಎಂದರೆ ದಪ್ಪ ಉಕ್ಕಿನ ಪಟ್ಟಿ, ಅದರ ನಡುವೆ ಚೌಕ ತೂತು, ಆ ತೂತಿನಲ್ಲಿ ಕೂರುವ ಚೌಕ ತುಂಡು. ಎಲ್ಲ ಕೈಯಲ್ಲೇ ಅರದಿಂದ ಉಜ್ಜಿ ಮಾಡಿದ್ದು. ತುಂಡನ್ನು ನಾಲ್ಕು ದಿಕ್ಕಿನಿಂದ ತಿರುಗಿಸಿ ಹಾಕಿದರೂ ಕೂರಬೇಕು, ಬೆಳಕಿಗೆ ಹಿಡಿದರೆ ಸಂದಿಯಲ್ಲಿ ಒಂದು ಗೆರೆ ಬೆಳಕೂ ಕಾಣಬಾರದು. ಹಿಂದಿನ ವರ್ಷ ಒಬ್ಬ ಹುಡುಗ ಸಂದಿಗೆ ಎಣ್ಣೆ ಮಸಿ ತುಂಬಿ ಬೆಳಕು ಮುಚ್ಚಿದ್ದ. ಫೋರ್ಮನ್ ಅದನ್ನು ಉಗುರಿನಿಂದ ಕೆರೆದು ತೆಗೆದು ಯಜ್ಞೇಶ್ವರರಾಯರ ಮುಖಕ್ಕೆ ಹಿಡಿದಿದ್ದ. ಅದಕ್ಕೇ ಈ ವರ್ಷ ನಾನೊಂದು ಹೊಸ ಕಾಯಿದೆ ಮಾಡಿದೆ. ಜೋಡಿಯನ್ನು ಚಿಮಣಿ ಎಣ್ಣೆಯಲ್ಲಿ ತೊಳೆದು, ಬೂದಿಯಿಂದ ತಿಕ್ಕಿ, ಒಣ ಬಟ್ಟೆಯಿಂದ ಒರೆಸಿ ನನಗೆ ಒಪ್ಪಿಸಬೇಕು. ಎಣ್ಣೆಯ ಪಸೆ ಕೂಡ ಇರಕೂಡದು.

ಶನಿವಾರ ಸಂಜೆ ಐವರೂ ತಂದರು. ಅರ್ಜುನಪ್ಪ ತನ್ನ ಜೋಡಿಯನ್ನು ಕಲ್ಲಿನ ಮೇಲಿಟ್ಟು ಹಿಂದೆ ಸರಿದ. ಹಾಗೆಯೇ ನಿಂತ.

"ರಾಯರ, ಒಂದ ಹನಿ ಎಣ್ಣಿ ಸವರಲೇನ್ರಿ ಅದಕ್ಕ?"

"ಯಾಕ? ಸಂದು ಮುಚ್ಚಲಿಕ್ಕೇನು?"

"ಸಂದ ಇಲ್ರಿ ಅದರಾಗ."

"ಸಂದು ಇಲ್ಲಂದ್ರ ಎಣ್ಣಿ ಯಾತಕ್ಕ?"

"ಸುಮ್ಮನ ಕೇಳಿದ್ನಿರಿ," ಎಂದು ಹೊರಟುಹೋದ. ನಾನು ಅವನದರ ಮೇಲೆ ನೀರು ಚಿಮುಕಿಸಿ, ಐದನ್ನೂ ಒಂದೊಂದು ಬಟ್ಟೆಯಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟೆ.

ಸೋಮವಾರ ಬರಬೇಕಾದ ಫೋರ್ಮನ್ ಗುರುವಾರ ಬರುತ್ತೇನೆಂದು ಹೇಳಿಕಳಿಸಿದ. ತಾವಾದರೂ ನೋಡೋಣವೆಂದು ಯಜ್ಞೇಶ್ವರರಾಯರು ಟ್ರಂಕು ತೆರೆಸಿದರು. ನಾಲ್ಕು ಜೋಡಿ ಬೆಳ್ಳಿಯ ಹಾಗೆ ಹೊಳೆಯುತ್ತಿದ್ದವು. ಅರ್ಜುನಪ್ಪನದು ಇಟ್ಟಂಗಿ ಬಣ್ಣಕ್ಕೆ ತಿರುಗಿತ್ತು. ಸುತ್ತಿದ ಬಟ್ಟೆಗೂ ಕಲೆ ಹತ್ತಿತ್ತು.

ನಾನು ಕಾಯುತ್ತಿದ್ದ ಗಳಿಗೆ ಬಂದಿತ್ತು. ಅರದ ಕಥೆಯನ್ನೂ ಸೇರಿಸಿ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. "ರಾಯರ, ಒಂದs ಟ್ರಂಕು, ಒಂದs ಥರದ ಬಟ್ಟಿ, ಕೀಲಿ ನನ್ನ ಹತ್ರ. ಒಬ್ಬನ ಕಬ್ಬಿಣಕ್ಕಷ್ಟs ತುಕ್ಕು ಹ್ಯಾಂಗ ಹಿಡೀತದ? ಇದು ಇವ ಮಾಡಿದ್ದಲ್ಲ. ಗುಜರಿಯಾಗಿನ ಹಳೇ ಜೋಡಿ ತಂದು ಮ್ಯಾಲೆ ಉಜ್ಜಿ ಕೊಟ್ಟಾನ. ಒಳಗಿನ ತುಕ್ಕು ಹೊರಗ ಬಂದದ."

"ತುಕ್ಕ ಏನ ಮೈಲಿಬ್ಯಾನಿ ಏನ್ರಿ, ಒಳಗಿಂದ ಹೊರಗ ಬರಾಕ?" ಎಂದ ಮಲ್ಲಿಕಸಾಬ. "ನನ್ನ ಕಣ್ಣ ಮುಂದ ಮಾಡ್ಯಾನ್ರಿ ಹುಡುಗ."

"ನೀ ಹೇಳಾವನs, ನಿನ್ನ ಶಿಷ್ಯ."

"ಕಾಮಾಲಿ ಕಣ್ಣಿಗೆ ಕಂಡದ್ದೆಲ್ಲಾ ಹಳದಿ," ಎಂದು ಮಿಸ್ತ್ರಿ ಗೊಣಗಿದ.

ಯಜ್ಞೇಶ್ವರರಾಯರು ಅರ್ಜುನಪ್ಪನನ್ನು ಕೇಳಿದರು. ಅವನು "ನಾನs ಮಾಡಿದ್ದರಿ" ಎಂಬ ಎರಡು ಮಾತು ಬಿಟ್ಟರೆ ಮತ್ತೇನೂ ಆಡಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವನು ಹೆಗಲನ್ನೂ ಮುಟ್ಟಿಕೊಳ್ಳಲಿಲ್ಲ, ಹಾಗಾದರೆ ಪಳಗಿದ ಕಳ್ಳನೇ ಎಂದು ನಾನು ತೀರ್ಮಾನಿಸಿದೆ.

ವಕೀಲರು ವಕೀಲರ ಹಾಗೆಯೇ ತೀರ್ಪು ಕೊಟ್ಟರು. ಇನ್ನೂ ಮೂರು ದಿನ ಇವೆ. ಇನ್ನೊಂದು ಜೋಡಿ ಮಾಡಲಿ. ಮಿಸ್ತ್ರಿ ಹತ್ತಿರ ಸುಳಿಯಬಾರದು. ಏಕನಾಥ ಎದುರಿಗೆ ಕೂತು ನೋಡಲಿ. ಆಗದಿದ್ದರೆ ಶಾಲೆಯಿಂದ ಹೊರಗೆ, ವರ್ಕ್‌ಶಾಪಿನ ಮಾತೇ ಇಲ್ಲ.

ಮೂರು ದಿನ ನಾನು ಸ್ಟೂಲಿನ ಮೇಲೆ ಕೂತೆ. ತಗಡಿನ ಸೂರು ಕಾದು ಒಳಗೆ ಭಟ್ಟಿಯಾಗಿತ್ತು. ಅವನು ಅರಕ್ಕೆ ಸುಣ್ಣದ ಕಡ್ಡಿ ಉಜ್ಜುವನು, ಎರಡು ಸಲ ಎಳೆಯುವನು, ಬೆಳಕಿಗೆ ಹಿಡಿಯುವನು. ದೀಪದ ಮಸಿ ಸವರಿ ಕೂರಿಸಿ ತೆಗೆದು, ಮಸಿ ಅಳಿಸಿದಲ್ಲಿ ಮಾತ್ರ ಒಂದು ಎಳೆಯಷ್ಟು ಉಜ್ಜುವನು. ನನ್ನ ಧೋತರ ಬೆವರಿಗೆ ಒದ್ದೆಯಾಗಿ ಸ್ಟೂಲಿಗೆ ಅಂಟಿಕೊಳ್ಳುತ್ತಿತ್ತು. ಅವನ ಹಣೆಯಿಂದಲೂ ಬೆವರು ಇಳಿಯುತ್ತಿತ್ತು, ಆದರೆ ತೋಳಿನಿಂದ ಒರೆಸಿಕೊಳ್ಳುತ್ತಿದ್ದ. ಅಂಗೈ ಮಾತ್ರ ಒಣಗಿಯೇ ಇತ್ತು. ಹಿಡಿಕೆಯ ಮೇಲೆ ಬಿದ್ದ ಸುಣ್ಣದ ಪುಡಿಯಲ್ಲಿ ತೇವದ ಗುರುತೂ ಇರಲಿಲ್ಲ. ಎಲ್ಲಿಯಾದರೂ ತುಂಡು ಬದಲಿಸುತ್ತಾನೋ ಎಂದು ನಾನು ಅವನ ಕೈಯಿಂದ ಕಣ್ಣು ತೆಗೆದಿರಲಿಲ್ಲ, ಹಾಗಾಗಿ ಇದನ್ನೆಲ್ಲ ಕಂಡೆ.

ಮಂಗಳವಾರ ಮಧ್ಯಾಹ್ನ ಕಸ್ತೂರೆವ್ವ ಕಿಟಕಿಯಲ್ಲಿ ಪ್ರತ್ಯಕ್ಷಳಾದಳು.

"ಹುಡುಗನ್ನ ಕೀಲಿ ಹಾಕಿ ಕೂಡ್ಸೀರಂತ?"

"ಪರೀಕ್ಷಾ ನಡದದ, ಹೋಗು."

"ನೀವ್ಯಾಕ ಒಳಗ ಕುಂತೀರಿ ಮತ್ತ?"

"ಅವ ಮೋಸಾ ಮಾಡಬಾರದಂತ ನೋಡ್ಲಿಕ್ಕತ್ತೇನಿ."

"ಛಲೋ ಆತು. ನೀವು ಮೋಸಾ ಮಾಡಬಾರದಂತ ನಾ ಇಲ್ಲೇ ಕುಂದರತೇನಿ," ಎಂದು ಅವಳು ಹೊರಗಿನ ಬೇವಿನ ಗಿಡದ ಕೆಳಗೆ ಗಿರಣಿಯ ಪಾಳಿ ತಪ್ಪಿಸಿಕೊಂಡು ಸಂಜೆಯವರೆಗೂ ಕೂತಳು. ನಾನು ಅವನನ್ನು ನೋಡುತ್ತ, ಅವಳು ನನ್ನನ್ನು ನೋಡುತ್ತ ಆ ದಿನ ಕಳೆಯಿತು.

ಬುಧವಾರ ನಾಲ್ಕು ಗಂಟೆಗೆ ಜೋಡಿ ಮುಗಿಯಿತು. ಅವನು ಪಟ್ಟಿಯನ್ನು ಅಡ್ಡ ಹಿಡಿದು ತೂತಿನ ಬಾಯಿಗೆ ತುಂಡನ್ನು ಇಟ್ಟು ಕೈ ಬಿಟ್ಟ. ತುಂಡು ತನ್ನ ಭಾರಕ್ಕೆ ತಾನೇ ಮೆಲ್ಲಗೆ ಇಳಿದು ಕೂತಿತು. ತಿರುಗಿಸಿ ಹಾಕಿದ, ಮತ್ತೆ ಹಾಗೆಯೇ ಇಳಿಯಿತು. ನಾಲ್ಕೂ ಸಲ. ಕಿಟಕಿಗೆ ಹಿಡಿದು ನನಗೆ ತೋರಿಸಿದ. ಏಪ್ರಿಲ್ ಬಿಸಿಲು ಒಂದು ಕೂದಲಿನಷ್ಟೂ ತೂರಲಿಲ್ಲ. ನನಗೆ ಒಂದು ಗಳಿಗೆ ಸಂತೋಷವಾಯಿತು, ಅದು ಖರೆ. ತೊಳೆದು, ಬೂದಿ ಹಾಕಿ ತಿಕ್ಕಿ, ಒರೆಸಿ ತಂದು ಕಲ್ಲಿನ ಮೇಲಿಟ್ಟ. ಈ ಸಲ ಎಣ್ಣೆಯ ಮಾತು ಎತ್ತಲಿಲ್ಲ. ನಾನು ಯಾವತ್ತಿನ ರೂಢಿಯಂತೆ ನೀರು ಚಿಮುಕಿಸಿ, ಬಟ್ಟೆಯಲ್ಲಿ ಸುತ್ತಿ, ಟ್ರಂಕಿನಲ್ಲಿಟ್ಟು ಬೀಗ ಹಾಕಿದೆ. ಬೀಗದ ಮೇಲೆ ಅರಗು ಸುರಿದು ಮುದ್ರೆ ಒತ್ತಿದೆ. ಕೀಲಿಯನ್ನು ಜನಿವಾರಕ್ಕೆ ಕಟ್ಟಿಕೊಂಡು ರೈಲು ಹತ್ತಿದೆ. ಇನ್ನು ಮೋಸಕ್ಕೆ ಎಲ್ಲಿಂದಲೂ ದಾರಿ ಇರಲಿಲ್ಲ.

ಗುರುವಾರ ಹತ್ತಕ್ಕೆ ಫೋರ್ಮನ್ ಬಂದ. ಮದ್ರಾಸ್ ಕಡೆಯ ಆಳು, ಇಪ್ಪತ್ತು ವರ್ಷ ಹುಬ್ಬಳ್ಳಿಯಲ್ಲಿದ್ದು ನಮ್ಮ ಮಾತು ಕಲಿತಿದ್ದ. ಯಜ್ಞೇಶ್ವರರಾಯರು, ಮಿಸ್ತ್ರಿ, ಐವರು ಹುಡುಗರು, ಬಾಗಿಲ ಹೊರಗೆ ಕಸ್ತೂರೆವ್ವ, ಎಲ್ಲರ ಮುಂದೆ ನಾನು ಮುದ್ರೆ ಒಡೆದೆ. ಬೀಗ ತೆಗೆದೆ. ಅರ್ಜುನಪ್ಪನ ಗಂಟನ್ನೇ ಮೊದಲು ಬಿಚ್ಚಿದೆ.

ತುಕ್ಕು.

ಅವನು ಮಾಡುವಾಗ ನಾನು ನೋಡಿದ್ದೆ. ಒಪ್ಪಿಸಿಕೊಂಡವನು ನಾನು. ಮುದ್ರೆ ನನ್ನದು, ಕೀಲಿ ನನ್ನ ಎದೆಯ ಮೇಲಿತ್ತು. ಗುಮಾನಿ ಪಡಬೇಕೆಂದರೆ ಇನ್ನು ನನ್ನ ಮೇಲೆಯೇ ಪಡಬೇಕಿತ್ತು.

ಫೋರ್ಮನ್ ಜೋಡಿಯನ್ನು ಕಿಟಕಿಯ ಹತ್ತಿರ ಒಯ್ದ. "ಕೆಲಸಾ ಫಸ್ಟ್ ಕ್ಲಾಸ್ ಅದ. ಆದ್ರ ಈ ತುಕ್ಕು ನೋಡ್ರಿ, ದುಂಡಗ ದುಂಡಗ. ಇದು ಹನಿ. ನೀರಿನ ಹನಿ. ಯಾರ ಹಾಕಿದ್ರು ಇದಕ್ಕ ನೀರು?"

ಆಗ ನನಗೆ ಎಲ್ಲ ಗೊತ್ತಾಯಿತು. ಎಂಟು ತಿಂಗಳ ಅರಗಳು, ತಂತಿಯ ಬ್ರಷ್ಷು, ಎಣ್ಣೆ ಸವರಲೇ ಎಂದು ಕೇಳಿದ್ದು. ಹೇಳಿದರೆ ಬಾಗಿಲ ಮೇಲಿನ ಹಲಗೆ ಏನಾಗಬೇಕು, ನನ್ನ ನೌಕರಿ ಏನಾಗಬೇಕು? ಅರ್ಜುನಪ್ಪ ನನ್ನನ್ನೇ ನೋಡುತ್ತಿದ್ದ. ಹೇಳುತ್ತಾನೆ, ಈಗ ಹೇಳಿಯೇ ಹೇಳುತ್ತಾನೆ, ಇಷ್ಟು ದಿನ ಇದಕ್ಕೇ ಕಾದಿದ್ದಾನೆ ಅಂದುಕೊಂಡೆ. ಅವನಿದ್ದ ಜಾಗದಲ್ಲಿ ನಾನಿದ್ದರೆ ಹೇಳುತ್ತಿದ್ದೆ.

"ನನ್ನ ಕೈ ಬೆವರತಾವ್ರಿ ಸಾಹೇಬ್ರ," ಅಂದ ಅರ್ಜುನಪ್ಪ.

ಫೋರ್ಮನ್ ಜೋಡಿಯನ್ನು ಕೆಳಗಿಟ್ಟ. "ಹಂಗಾದ್ರ ಬೆಂಚಿಗೆ ಬ್ಯಾಡ. ಕೈ ಬೆವರೋ ಆಳು ಮುಟ್ಟಿದ ಉಕ್ಕೆಲ್ಲಾ ಹಾಳು. ಬೇಕಂದ್ರ ಖಲಾಸಿಗೆ ಬರಲಿ, ಕಲ್ಲಿದ್ದಲಿಗೆ ತುಕ್ಕಿನ ಹೆದರಿಕಿಲ್ಲ." ಮುಂದಿನ ಗಂಟಿಗೆ ಕೈ ಹಾಕಿದ.

"ಅರ್ಜುನಾ, ಏನಂತ ಹೇಳ್ತಿಯೋ ಮಗನ!" ಮಲ್ಲಿಕಸಾಬ ಅವನ ತೋಳು ಹಿಡಿದು ಅಲುಗಿಸಿದ. ಹುಡುಗ ತಲೆ ಎತ್ತಲಿಲ್ಲ.

ನಾನು ಬಚಾವಾಗಿದ್ದೆ. ಸುಮ್ಮನೆ ನಿಂತಿದ್ದರೆ ಸಾಕಿತ್ತು. ಆಮೇಲೆ ಬಹಳ ಜನ ನನ್ನ ಒಳ್ಳೆಯತನದ ಬಗ್ಗೆ ಮಾತಾಡಿದ್ದಾರೆ, ಅದೆಲ್ಲ ಸುಳ್ಳು. ಆ ಹೊತ್ತಿನಲ್ಲಿ ನನ್ನಲ್ಲಿ ಒಳ್ಳೆಯತನ ಏನೂ ಎದ್ದಿರಲಿಲ್ಲ. ನನ್ನ ಎದುರಿಗೆ ಒಬ್ಬ ಸುಳ್ಳು ಹೇಳಿದ್ದ, ಮೂರು ದಿನ ಕಣ್ಣು ಪಿಳುಕಿಸದೆ ನೋಡಿದ ನನ್ನ ಎದುರಿಗೆ! ಅದನ್ನು ನುಂಗಿಕೊಳ್ಳುವುದು ನನ್ನ ಜಾಯಮಾನದಲ್ಲೇ ಇರಲಿಲ್ಲ.

"ಸುಳ್ಳು!" ಎಂದು ಕೂಗಿದೆ. "ಅಪ್ಪಟ ಸುಳ್ಳು! ಇವನ ಕೈ ಬೆವರೂದಿಲ್ಲ. ಮೂರ ದಿನಾ ನಾ ಎದುರಿಗೆ ಕೂತೇನಿ, ಇವನ ಕೈ ನಾ ನೋಡೇನಿ."

ಫೋರ್ಮನ್ ತಿರುಗಿದ. "ಮುಟ್ಟಿ ನೋಡೀರಿ?"

"ಇಲ್ಲ."

"ಮುಟ್ಟದ ಹ್ಯಾಂಗ ಹೇಳ್ತೀರಿ? ಹಿಡದ ನೋಡಿ ಹೇಳ್ರಿ."

ನಾನು ಒಂದು ಹೆಜ್ಜೆ ಮುಂದೆ ಹೋದೆ. ಅರ್ಜುನಪ್ಪ ರೂಢಿಯ ಮೇಲೆ ಎರಡು ಹೆಜ್ಜೆ ಹಿಂದೆ ಸರಿದ, ಕೈ ಬೆನ್ನ ಹಿಂದೆ ಹೋಯಿತು. ಗೋಡೆ ಬಂತು, ಇನ್ನೂ ಹಿಂದೆ ಸರಿಯಲು ಅವನಿಗೆ ಜಾಗವಿರಲಿಲ್ಲ. ನಾನು ಬೆನ್ನ ಹಿಂದಿನಿಂದ ಅವನ ಕೈ ಎಳೆದು ಎರಡೂ ಅಂಗೈಯಲ್ಲಿ ಹಿಡಿದೆ. ಹಂಚಿನ ಹಾಗೆ ಒರಟಾಗಿತ್ತು, ಬಿಸಿಯಾಗಿತ್ತು. ಬೆವರುತ್ತಿದ್ದುದು ನನ್ನ ಕೈ.

"ಒಣಗ್ಯದ," ಅಂದೆ.

"ಮತ್ತ ನೀರು?"

"ನಂದು. ನಾ ಚಿಮುಕಿಸಿದ್ದು. ಇವ ಮುಟ್ಟಿದ್ದನ್ನ ನಾ ಹಂಗs ಮುಟ್ಟೂದಿಲ್ಲ, ಅದಕ್ಕ."

ಒಮ್ಮೆ ಬಾಯಿ ಬಿಟ್ಟ ಮೇಲೆ ಎಲ್ಲ ಹೇಳಿದೆ. ಕಲ್ಲು, ತಂಬಿಗೆ, ಅರ, ನಾನೇ ಮಾಡಿದ ಎಣ್ಣೆಯ ಕಾಯಿದೆ. ಯಜ್ಞೇಶ್ವರರಾಯರು ಗೋಡೆಯ ಕಡೆ ಮುಖ ಮಾಡಿ ನಿಂತರು. ಫೋರ್ಮನ್ ಮಲ್ಲಿಕಸಾಬನಿಂದ ಎಣ್ಣೆ ಬಟ್ಟೆ, ಉಪ್ಪುಕಾಗದ ತೆಗೆದುಕೊಂಡು ತಾನೇ ಜೋಡಿಯನ್ನು ತಿಕ್ಕಿದ. ಮೇಲಿನ ಕೆಂಪು ಹೋಯಿತು. ತುಂಡನ್ನು ತೂತಿಗೆ ಇಟ್ಟು ಕೈ ಬಿಟ್ಟ. ಅದು ಇಳಿದು ಕೂತಿತು. ನಾಲ್ಕು ದಿಕ್ಕಿನಿಂದಲೂ ಹಾಕಿ ನೋಡಿ, ಉಳಿದ ನಾಲ್ಕನ್ನೂ ಪರೀಕ್ಷಿಸಿ, ಅರ್ಜುನಪ್ಪನ ಕಡೆ ಬೆರಳು ತೋರಿಸಿದ.

"ಸೋಮವಾರ ಏಳಕ್ಕ ಗೇಟಿಗೆ ಬಾ. ಬೆಂಚಿಗೆ."

"ಬಾಯಿಲೆ ಹೇಳಿದ್ರ ಆಗೂದಿಲ್ರಿ, ಕಾಗದದಾಗ ಬರದ ಕೊಡ್ರಿ," ಎಂಬ ದನಿ ಬಾಗಿಲಿನಿಂದ ಬಂತು. ಫೋರ್ಮನ್ ನಕ್ಕು ಬರೆದುಕೊಟ್ಟ. ಕಸ್ತೂರೆವ್ವ ಆ ಕಾಗದವನ್ನು ಮಿಸ್ತ್ರಿಯಿಂದ ಓದಿಸಿ, ಆಮೇಲೆ ನನ್ನಿಂದ ಓದಿಸಿ, ಎರಡೂ ತಾಳೆಯಾದ ಮೇಲೆ ಸೆರಗಿಗೆ ಕಟ್ಟಿಕೊಂಡಳು.

ಯಜ್ಞೇಶ್ವರರಾಯರು ಮರುದಿನ ನನ್ನಿಂದ ರಾಜೀನಾಮೆ ಬರೆಸಿಕೊಂಡರು. ನೀರು ಹಾಕಿದ್ದಕ್ಕಲ್ಲ, ಹೊರಗಿನವರ ಮುಂದೆ ಅದನ್ನು ಹೇಳಿದ್ದಕ್ಕೆ. ಅದಿರಲಿ.

ಆ ಗುರುವಾರ ಸಂಜೆ ಅರ್ಜುನಪ್ಪ ಗೇಟಿನ ಹತ್ತಿರ ಸಿಕ್ಕ. ನಾನು ತಡೆದು ನಿಲ್ಲಿಸಿದೆ.

"ನಿನಗ ಯಾವಾಗಿಂದ ಗೊತ್ತಿತ್ತು?"

"ಮೊದಲನೇ ವಾರದಿಂದ ಗೊತ್ತಿತ್ರಿ."

"ಎಂಟ ತಿಂಗಳು ನಿನ್ನ ಕಳ್ಳ ಅಂತ ನೋಡಿದೆ. ಒಂದ ಮಾತು ಹೇಳಬಾರದಾಗಿತ್ತೇನು? ನೀರ ಹಾಕಬ್ಯಾಡ್ರಿ, ತುಕ್ಕ ಹಿಡೀತದ, ಅಂತ ಇಷ್ಟs."

ಸಿಟ್ಟು ಇರಲಿಲ್ಲ ಅವನ ಮುಖದಲ್ಲಿ. ಕೇಳಿದ್ದಕ್ಕೆ ಸರಿಯಾಗಿ ಉತ್ತರ ಕೊಡಬೇಕೆಂಬ ಕಾಳಜಿಯಷ್ಟೇ ಇತ್ತು.

"ಹೇಳಿದ್ರ ನೀವು ನೀರ ಹಾಕೂದ ಬಿಡತಿದ್ದಿಲ್ರಿ ರಾಯರ," ಅಂದ. "ನನ್ನ ಸಾಲಿ ಬಿಡಸ್ತಿದ್ರಿ."

ನಾನು ರೈಲು ಹತ್ತಿದೆ. ಧಾರವಾಡ ಬರುವವರೆಗೂ ಕಿಟಕಿಗೆ ತಲೆ ಆನಿಸಿ, ಅವನ ಮಾತಿನಲ್ಲಿ ಎಲ್ಲಾದರೂ ಸುಳ್ಳು ಇದೆಯೇ ಎಂದು ಹುಡುಕಿದೆ. ಸಿಗಲಿಲ್ಲ.